ಹಳೆ ಕಾರು ಕೊಳ್ಳುವಾಗ ನಮ್ಮ ಹೊಣೆ ಎಷ್ಟು?

ದನ ಕೊಳ್ಳಲು ಹೋದರೆ ನಾವು ಏನೆಲ್ಲ ನೋಡುತ್ತೇವೆ! ಹಲ್ಲು ನೋಡುತ್ತೇವೆ, ಕೆಚ್ಚಲು ಮುಟ್ಟುತ್ತೇವೆ, ನಾಲ್ಕು ಮೊಲೆಯಲ್ಲೂ ಹಾಲು ಬರುತ್ತದೋ ಎಂದು ಕರೆದು ನೋಡುತ್ತೇವೆ. ಸಂಜೆ ಒಮ್ಮೆ, ಮರುದಿನ ಬೆಳಗ್ಗೆ ಒಮ್ಮೆ ಕರೆಸದೆ ದುಡ್ಡು ಕೊಡುವವರು ಕಡಿಮೆ. ಹಾಯುತ್ತದೋ, ಒದೆಯುತ್ತದೋ ಎಂದು ಪಕ್ಕದ ಮನೆಯವರಲ್ಲಿ ಮೆಲ್ಲಗೆ ಕೇಳುವುದೂ ಉಂಟು. ಅದೇ ನಾವು ಲಕ್ಷಕ್ಕೆ ಮಿಕ್ಕಿದ ಹಳೆ ಕಾರು ಕೊಳ್ಳುವಾಗ ಅದಕ್ಕೊಂದು ಸುತ್ತು ಬಂದು, ಬಾಗಿಲು ಒಮ್ಮೆ ತೆಗೆದು ಹಾಕಿ, ಟಯರಿಗೊಂದು ಒದ್ದು, ‘ಕೊನೆಗೆ ಎಷ್ಟಕ್ಕೆ ಕೊಡ್ತೀರಿ?’ ಎಂದು ಕೇಳುತ್ತೇವೆ. ಉಳಿದವರ ಮಾತು ಬಿಡಿ, ನಾನು ಮಾಡಿದ್ದು ಅದನ್ನೇ.

2017ರ ಡಿಸೆಂಬರಿನಲ್ಲಿ ಪಕ್ಕದ ಗ್ರಾಮದ ನಿವೃತ್ತ ಮಾಷ್ಟ್ರೊಬ್ಬರಿಂದ 2010ರ ಮಾಡೆಲಿನ ಮಾರುತಿ ಓಮ್ನಿ ಕೊಂಡೆ. 1,35,000 ರೂಪಾಯಿ. ಆ ವರ್ಷದ ಮೊದಲ ಕೊಯ್ಲಿನ ಅಡಿಕೆ ಮಾರಿದ ದುಡ್ಡು ಪೂರ್ತಿ ಅದಕ್ಕೆ ಹೋಯಿತು. ಓಮ್ನಿಯ ತಯಾರಿ 2019ರಲ್ಲಿ ನಿಂತರೂ ನಮ್ಮ ಕಡೆ ಇವತ್ತಿಗೂ ಅದರ ಮೇಲೆ ಪ್ರೀತಿ ಕಡಿಮೆಯಾಗಿಲ್ಲ. ಹಿಂದಿನ ಸೀಟು ತೆಗೆದರೆ ಗೊಬ್ಬರ, ಹಿಂಡಿ, ಬಾಳೆಗೊನೆ, ಅಡಿಕೆ ಗೋಣಿ ಏನು ಬೇಕಾದರೂ ಹಿಡಿಯುತ್ತದೆ. ಭಾನುವಾರ ಸೀಟು ಹಾಕಿದರೆ ಮನೆಮಂದಿಯೆಲ್ಲ ಮದುವೆಗೆ ಹೋಗಬಹುದು.

ಮಾಷ್ಟ್ರು ಒಳ್ಳೆಯವರು, ಗಾಡಿ ಹೊರಗಿನಿಂದ ಚೊಕ್ಕವಾಗಿತ್ತು. ‘ಹೇಗುಂಟು?’ ಎಂದೆ. ‘ಹೋಗ್ತಾ ಉಂಟು ಮಾರಾಯ್ರೇ, ದಾರಿಯಲ್ಲಿ ಕೈ ಕೊಟ್ಟದ್ದಿಲ್ಲ’ ಎಂದರು. ಅಷ್ಟೇ ಪರೀಕ್ಷೆ. ಮರುವರ್ಷ ಮೇ ಕೊನೆಗೆ ಮೊದಲ ಮಳೆ ಬಿದ್ದಾಗ ಗೊಬ್ಬರದ ಚೀಲವೊಂದನ್ನು ಹಿಂದೆ ಕುಕ್ಕಿದೆವು ನೋಡಿ, ಚೀಲದ ಒಂದು ಮೂಲೆ ಕೆಳಗೆ ಇಳಿಯಿತು. ರಬ್ಬರ್ ಮ್ಯಾಟ್ ಎತ್ತಿದರೆ ತಳದ ತಗಡು ತುಕ್ಕು ಹಿಡಿದು ಹಪ್ಪಳದಂತಾಗಿದೆ, ಕೆಳಗಿನ ನೆಲ ಕಾಣುತ್ತಿದೆ. ತಗಡು ಕತ್ತರಿಸಿ ಹೊಸತು ವೆಲ್ಡ್ ಮಾಡಿ ಬಣ್ಣ ಹಾಕಿಸಲು 22,000 ಬಿತ್ತು.

ಮೊದಲು ನನಗೆ ಮಾಷ್ಟ್ರ ಮೇಲೆ ಸಿಟ್ಟು ಬಂತು. ಆದರೆ ಅವರು ಸುಳ್ಳು ಹೇಳಿರಲಿಲ್ಲ. ಗಾಡಿ ದಾರಿಯಲ್ಲಿ ಕೈ ಕೊಟ್ಟದ್ದಿಲ್ಲ ಎಂದಿದ್ದರು, ಅದು ನಿಜವೇ. ತುಕ್ಕು ಉಂಟೋ ಎಂದು ನಾನು ಕೇಳಲಿಲ್ಲ, ಮ್ಯಾಟ್ ಎತ್ತಲೂ ಇಲ್ಲ.

ಕಾನೂನಿನಲ್ಲಿ ಒಂದು ಕುದುರೆ

ಮುಂದೆ ಬೇರೊಂದು ಕಾರಣಕ್ಕೆ ವಕೀಲರಲ್ಲಿ ಹೋಗಬೇಕಾಗಿ ಬಂದಾಗ ಈ ತುಕ್ಕಿನ ವಿಷಯವನ್ನೂ ಎತ್ತಿದೆ. ಅವರು ನಕ್ಕು 1872ರ ಭಾರತೀಯ ಕರಾರು ಕಾಯಿದೆ ತೆಗೆದರು. ಅದರ 17ನೇ ಕಲಮಿನಲ್ಲಿ ಒಂದು ಕುದುರೆಯ ಉದಾಹರಣೆ ಉಂಟು. ಒಬ್ಬ ತನ್ನ ಕುದುರೆಯಲ್ಲಿ ದೋಷ ಇದೆ ಎಂದು ಗೊತ್ತಿದ್ದೂ ಏನೂ ಹೇಳದೆ ಹರಾಜಿನಲ್ಲಿ ಮಾರುತ್ತಾನೆ. ಅದು ಮೋಸ ಅಲ್ಲ! ಸುಮ್ಮನಿದ್ದ ಮಾತ್ರಕ್ಕೆ ಮೋಸ ಎನಿಸುವುದಿಲ್ಲ. ಆದರೆ ಅಲ್ಲೇ ಇನ್ನೊಂದು ಉದಾಹರಣೆ ಇದೆ. ಕೊಳ್ಳುವವನು, ‘ನೀನು ಅಲ್ಲ ಎನ್ನದಿದ್ದರೆ ಕುದುರೆ ಸರಿಯಾಗಿದೆ ಅಂತ ತಿಳಿಯುತ್ತೇನೆ’ ಎಂದು ಬಾಯಿಬಿಟ್ಟು ಹೇಳುತ್ತಾನೆ. ಮಾರುವವನು ಸುಮ್ಮನಿರುತ್ತಾನೆ. ಈಗ ಆ ಮೌನ ಮಾತಿಗೆ ಸಮ.

ಎರಡಕ್ಕೂ ಇರುವ ವ್ಯತ್ಯಾಸ ಇಷ್ಟೇ: ಒಬ್ಬ ಕೇಳಲಿಲ್ಲ, ಇನ್ನೊಬ್ಬ ಕೇಳಿದ.

19ನೇ ಕಲಮು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಸಾಧಾರಣ ಎಚ್ಚರಿಕೆಯಿಂದ ನೋಡಿದ್ದರೆ ತಿಳಿಯುತ್ತಿದ್ದ ಸಂಗತಿಯನ್ನು ಮಾರುವವನು ಹೇಳದೆ ಬಿಟ್ಟ ಎಂಬ ಕಾರಣಕ್ಕೆ ಕರಾರು ಮುರಿಯಲು ಬರುವುದಿಲ್ಲ. ಮ್ಯಾಟ್ ಎತ್ತುವುದು ಸಾಧಾರಣ ಎಚ್ಚರಿಕೆಯೇ. 1930ರ ಸರಕು ಮಾರಾಟ ಕಾಯಿದೆಯ 16ನೇ ಕಲಮಿನ ತಿರುಳೂ ಇದೇ, ಸರಕಿನ ಗುಣಮಟ್ಟ ನೋಡಿಕೊಳ್ಳುವ ಕೆಲಸ ಮೊದಲಿಗೆ ಕೊಳ್ಳುವವನದ್ದು. ‘ಇಂಥ ಕೆಲಸಕ್ಕೆ ಬೇಕು’ ಎಂದು ತಿಳಿಸಿ, ಅದೇ ವ್ಯಾಪಾರದವನ ತಿಳುವಳಿಕೆಯನ್ನು ನಂಬಿ ಕೊಂಡರೆ ಅದಕ್ಕೆ ವಿನಾಯಿತಿ ಇದೆ. ನೆರೆಮನೆಯ ಮಾಷ್ಟ್ರು ಕಾರಿನ ವ್ಯಾಪಾರಿಯಲ್ಲವಲ್ಲ. ಗ್ರಾಹಕರ ಆಯೋಗಕ್ಕೆ ಹೋಗುವುದಾದರೂ ಎದುರಿಗೆ ವ್ಯಾಪಾರಿ ಇರಬೇಕು. ಒಬ್ಬ ಕೃಷಿಕ ಇನ್ನೊಬ್ಬನಿಗೆ ತನ್ನ ಮನೆಯ ಕಾರು ಮಾರಿದ್ದಕ್ಕೆ ಅಲ್ಲಿ ಜಾಗ ಇಲ್ಲ.

ಹಾಗಾಗಿ ನಾನು ಈಗ ಕೇಳುತ್ತೇನೆ, ಒಂದು ಕಾಗದದಲ್ಲಿ ಬರೆದು. ಅಪಘಾತ ಆಗಿದೆಯೋ? ಎಂಜಿನು ಬಿಚ್ಚಿದ್ದಾರೋ, ಯಾಕೆ? ನೀರಲ್ಲಿ ಮುಳುಗಿದ್ದುಂಟೋ? ಮೀಟರ್ ಬದಲಿಸಿದ್ದಾರೋ? ಸಾಲ, ದಂಡ, ಕೇಸು ಏನಾದರೂ ಬಾಕಿ ಉಂಟೋ? ಉತ್ತರವನ್ನು ಅದೇ ಕಾಗದದಲ್ಲಿ ಬರೆಸಿ ಸಹಿ ಹಾಕಿಸಬೇಕು. ‘ನಂಬಿಕೆ ಇಲ್ವಾ?’ ಎಂದು ಕೇಳುವವರಿದ್ದಾರೆ. ನಂಬಿಕೆ ಉಂಟು, ಮರೆವೂ ಉಂಟು ಎಂದು ಹೇಳಿದರಾಯಿತು. ಬೇಸರ ಮಾಡಿಕೊಳ್ಳುವುದಾದರೆ ದುಡ್ಡು ಕೊಡುವ ಮೊದಲೇ ಮಾಡಿಕೊಳ್ಳಲಿ.

ನೋಡುವುದು ಹೇಗೆ?

ಬೆಳಗ್ಗೆಯೇ ಹೋಗಿ, ಮಳೆ ಇಲ್ಲದ ದಿನ. ಒದ್ದೆ ಗಾಡಿಯಲ್ಲಿ ಬಣ್ಣದ ವ್ಯತ್ಯಾಸ ಕಾಣುವುದಿಲ್ಲ. ನಾನು ಬರುವ ಮೊದಲು ಸ್ಟಾರ್ಟ್ ಮಾಡಬೇಡಿ ಎಂದು ಹಿಂದಿನ ದಿನವೇ ಹೇಳಿ. ಆದರೂ ಎಂಜಿನು ಬಿಸಿ ಇದ್ದರೆ ತಣ್ಣಗೆ ಸ್ಟಾರ್ಟ್ ಆಗುವುದರಲ್ಲಿ ಏನೋ ಕಷ್ಟ ಇದೆ ಎಂದು ಸಂಶಯ ಪಡಬೇಕು. ಓಮ್ನಿಯ ಎಂಜಿನು ಮುಂದಿನ ಸೀಟಿನ ಅಡಿ ಇರುವುದರಿಂದ ಸೀಟು ಎತ್ತಿಯೇ ನೋಡಬೇಕು.

ಆಯಿಲ್ ಹಾಕುವ ಮುಚ್ಚಳ ಬಿಚ್ಚಿ, ಅದರ ಒಳಮೈ ನೋಡಿ. ಮಜ್ಜಿಗೆಯ ನೊರೆಯಂತೆ ಬಿಳಿ ಅಂಟು ಇದ್ದರೆ ಆಯಿಲಿಗೆ ನೀರು ಸೇರುತ್ತಿರಬಹುದು, ಹೆಡ್ ಗ್ಯಾಸ್ಕೆಟ್ ಹೋದರೆ ಹೀಗಾಗುತ್ತದೆ. ರೇಡಿಯೇಟರ್ ಮುಚ್ಚಳವನ್ನು ತಣ್ಣಗಿದ್ದಾಗ ಮಾತ್ರ ತೆಗೆಯಿರಿ, ಬಿಸಿಯಲ್ಲಿ ತೆಗೆದು ಮುಖ ಸುಟ್ಟುಕೊಂಡವರಿದ್ದಾರೆ. ಸ್ಟಾರ್ಟ್ ಮಾಡಿದ ಮೇಲೆ ಹೊಗೆ ನೋಡುವುದು. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ, ರಿಂಗ್ ಅಥವಾ ವಾಲ್ವಿನ ಕೆಲಸ ಕಾದಿದೆ. ತಂಪು ಬೆಳಗ್ಗೆ ಸ್ವಲ್ಪ ಬಿಳಿ ಆವಿ ಬಂದರೆ ಹೆದರಬೇಡಿ. ಎಂಜಿನು ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ನೀರು ಒಳಗೆ ಹೋಗುತ್ತಿದೆ ಎಂದು ಲೆಕ್ಕ. ಡೀಸೆಲ್ ಗಾಡಿಯ ದಟ್ಟ ಕಪ್ಪು ಹೊಗೆ ಪಂಪು, ನಾಝಲ್ ಕಡೆ ಬೊಟ್ಟು ಮಾಡುತ್ತದೆ.

ನಮ್ಮ ಕರಾವಳಿಯಲ್ಲಿ ಎಂಜಿನಿಗಿಂತ ಹೆಚ್ಚು ಹೆದರಬೇಕಾದದ್ದು ತುಕ್ಕಿಗೆ. ಎಂಜಿನು ಬಿಚ್ಚಿ ಸರಿ ಮಾಡಬಹುದು, ಕೊಳೆತ ತಗಡಿಗೆ ತೇಪೆ ಹಾಕಿದಷ್ಟೂ ಮುಗಿಯದು. ಸಮುದ್ರದ ಬದಿಯ ಉಪ್ಪು ಗಾಳಿಯಲ್ಲಿ ನಿಂತ ಗಾಡಿ, ಮೀನು ಸಾಗಿಸಿದ ಗಾಡಿ, ನಮ್ಮಂತೆ ರಸಗೊಬ್ಬರ ತುಂಬಿದ ಗಾಡಿ – ಈ ಮೂರರ ತಳ ಬೇಗ ಹೋಗುತ್ತದೆ. ಮ್ಯಾಟ್ ಎತ್ತಿ, ಸ್ಟೆಪ್ನಿ ತೆಗೆದು ಅದರ ಗುಂಡಿ ನೋಡಿ, ಬಾಗಿಲಿನ ಕೆಳಅಂಚನ್ನು ಬೆರಳಿನಿಂದ ಸವರಿ. ಆಮೇಲೆ ಗೋಣಿ ಹಾಸಿ ಮಲಗಿ ಅಡಿ ನೋಡಿ. ತಳಕ್ಕೆ ಮೊನ್ನೆ ಮೊನ್ನೆ ಕಪ್ಪು ಬಣ್ಣ ಬಳಿದದ್ದು ಕಂಡರೆ ಸ್ಕ್ರೂಡ್ರೈವರಿನ ಹಿಡಿಯಿಂದ ಮೆಲ್ಲಗೆ ಬಡಿದು ನೋಡಿ. ಗಟ್ಟಿ ತಗಡಿನ ಸದ್ದು ಬೇರೆ, ಟೊಳ್ಳಿನ ಸದ್ದು ಬೇರೆ. ತೆಂಗಿನಕಾಯಿ ಬಡಿದು ನೋಡುವ ನಮಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಅಪಘಾತ ಆದ ಗಾಡಿ ಪತ್ತೆ ಮಾಡಲು ಒಂದು ಸಣ್ಣ ಅಯಸ್ಕಾಂತ ಸಾಕು. ಬಣ್ಣ ಗೀರದಂತೆ ತೆಳು ಬಟ್ಟೆ ಸುತ್ತಿ ತಗಡಿನ ಮೇಲೆ ಸರಿಸಿ. ಪುಟ್ಟಿ ತುಂಬಿದಲ್ಲಿ ಹಿಡಿತ ತಪ್ಪುತ್ತದೆ. ಪ್ಲಾಸ್ಟಿಕ್ ಬಂಪರಿಗೆ ಹಿಡಿದು ‘ಇದೂ ಪುಟ್ಟಿ’ ಎನ್ನಬೇಡಿ, ನನ್ನ ಭಾವ ಹಾಗೆ ಹೇಳಿ ನಗೆಪಾಟಲಾಗಿದ್ದ. ಬಾಗಿಲು, ಬಾನೆಟ್ಟಿನ ಬೋಲ್ಟುಗಳ ತಲೆಯಲ್ಲಿ ಬಣ್ಣ ಎದ್ದು ಸ್ಪ್ಯಾನರಿನ ಗುರುತಿದ್ದರೆ ಬಿಚ್ಚಿದ್ದಾರೆ ಎಂದರ್ಥ. ನೆರೆ ನೀರಿನಲ್ಲಿ ನಿಂತ ಕಾರಾದರೆ ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ, ಒಳಗೆ ಸುತ್ತಿಕೊಂಡಿರುವ ಭಾಗದಲ್ಲಿ ಕೆಸರಿನ ಕಲೆ ಉಳಿದಿರುತ್ತದೆ. ಒಳಗೆ ಕಮಟು ವಾಸನೆ ಮುಚ್ಚಲು ಸುಗಂಧದ ಬಾಟ್ಲಿ ಎರಡೆರಡು ಇಟ್ಟಿದ್ದರೂ ಯೋಚಿಸಿ.

ಮೀಟರ್ ಎಷ್ಟು ತೋರಿಸುತ್ತದೆ ಎಂಬುದನ್ನು ನಾನು ಓದುವುದೇ ಇಲ್ಲ. ಬ್ರೇಕ್, ಕ್ಲಚ್ ಪೆಡಲಿನ ರಬ್ಬರ್ ಪೂರ್ತಿ ಸವೆದು ಮೀಟರ್ 40,000 ತೋರಿಸಿದರೆ ನಂಬುವುದು ರಬ್ಬರನ್ನು. ಟಯರಿನ ಬದಿಯಲ್ಲಿ ನಾಲ್ಕು ಅಂಕೆ ಇರುತ್ತದೆ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಗುಂಡಿ ಆಳವಾಗಿದ್ದರೂ ಹಳೆ ಟಯರಿನ ರಬ್ಬರ್ ಗಟ್ಟಿಯಾಗಿ ಬಿರುಕು ಬಿಟ್ಟಿರುತ್ತದೆ.

ಓಡಿಸಿ ನೋಡುವುದು ಡಾಮರು ರಸ್ತೆಯಲ್ಲಲ್ಲ. ನಮ್ಮ ಮನೆಯ ಚಡಾವಿನಂಥದೇ ಚಡಾವು ಹತ್ತಿಸಬೇಕು, ಮಧ್ಯದಲ್ಲಿ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಹಿಡಿಯುತ್ತದೋ ನೋಡಬೇಕು, ಮತ್ತೆ ಎಳೆಯಬೇಕು. ಸಮತಟ್ಟಿನಲ್ಲಿ ಹ್ಯಾಂಡ್‌ಬ್ರೇಕ್ ಎಳೆದು ಮೂರನೇ ಗೇರು ಹಾಕಿ ಕ್ಲಚ್ ಮೆಲ್ಲ ಬಿಟ್ಟರೆ ಎಂಜಿನು ನಿಲ್ಲಬೇಕು. ನಿಲ್ಲದೆ ಕೂಗುತ್ತಾ ಇದ್ದರೆ ಕ್ಲಚ್ ಪ್ಲೇಟು ಸವೆದಿದೆ. ಇದನ್ನು ಒಮ್ಮೆ ಮಾಡಿದರೆ ಸಾಕು, ಪರರ ಗಾಡಿ. ಇಷ್ಟೆಲ್ಲ ನೋಡಿದ ಮೇಲೂ ನಮಗೆ ಗುರುತಿರುವ ಮೆಕ್ಯಾನಿಕ್‌ಗೆ ಅರ್ಧ ದಿನದ ಸಂಬಳ ಕೊಟ್ಟು ಕರೆದೊಯ್ಯಿರಿ. ಮಾರುವವರು ಕರೆತಂದ ಮೆಕ್ಯಾನಿಕ್ ಬೇಡ.

ಮಾಷ್ಟ್ರಿಗೆ ಬಂದ ನೋಟೀಸು

ತುಕ್ಕಿನ 22,000 ರೂಪಾಯಿಯ ಪಾಠ ಸಣ್ಣದು. ದೊಡ್ಡದು ಕಾಗದದ್ದು.

ಕೊಂಡ ದಿನ ಮಾಷ್ಟ್ರು 29 ಮತ್ತು 30ನೇ ನಮೂನೆಗಳಿಗೆ ಸಹಿ ಹಾಕಿ ಕೊಟ್ಟಿದ್ದರು. ಆರ್.ಸಿ., ಇನ್ಶೂರೆನ್ಸ್ ಎಲ್ಲ ಕೊಟ್ಟು, ‘ಬೇಗ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ’ ಎಂದೂ ಹೇಳಿದ್ದರು. ನಾನು ಎಲ್ಲವನ್ನೂ ಕಪಾಟಿನಲ್ಲಿಟ್ಟೆ. ಕೊಯ್ಲು ಮುಗಿಯಲಿ ಎಂದುಕೊಂಡೆ. ಕೊಯ್ಲು ಮುಗಿದಾಗ ಅಡಿಕೆ ಸುಲಿಯುವ ಗಡಿಬಿಡಿ. ಅದು ಮುಗಿಯುವಾಗ ಮಳೆ, ಮದ್ದು ಬಿಡುವ ಕೆಲಸ. ಆರ್.ಟಿ.ಓ. ಆಫೀಸಿಗೆ ಒಂದು ದಿನ ಸಿಗಲಿಲ್ಲ ಎಂದರೆ ಯಾರೂ ನಂಬಲಾರರು, ನಾನೂ ನಂಬುವುದಿಲ್ಲ.

2018ರ ಜೂನಿನಲ್ಲಿ ಒಂದು ಸಂಜೆ ಡೈರಿಗೆ ಹಾಲು ಕೊಟ್ಟು ಬರುವಾಗ ತಿರುವಿನಲ್ಲಿ ಎದುರಿನಿಂದ ಬೈಕ್ ಬಂತು. ನಾನು ತಿರುವನ್ನು ಸ್ವಲ್ಪ ಕತ್ತರಿಸಿದ್ದೆ, ಒಪ್ಪಿಕೊಳ್ಳುತ್ತೇನೆ. ಹುಡುಗನ ಕಾಲು ಮುರಿಯಿತು. ಅವನನ್ನು ಆಸ್ಪತ್ರೆಗೆ ಸೇರಿಸಿ, ಪೊಲೀಸರಿಗೆ ತಿಳಿಸಿ, ಆಗಬೇಕಾದ್ದೆಲ್ಲ ಆಯಿತು. ಕೆಲವು ತಿಂಗಳ ನಂತರ ಮಾಷ್ಟ್ರ ಫೋನು: ‘ನನಗೆ ಕೋರ್ಟಿನಿಂದ ನೋಟೀಸು ಬಂದಿದೆ ಮಾರಾಯ್ರೇ, ಎಂಥ ಇದು?’

ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ ಹುಡುಗ ಹಾಕಿದ ಅರ್ಜಿಗೆ ಎದುರುದಾರರು ಮೂವರು: ಓಡಿಸಿದ ನಾನು, ಇನ್ಶೂರೆನ್ಸ್ ಕಂಪೆನಿ, ಮತ್ತು ಗಾಡಿಯ ಮಾಲೀಕರಾದ ಮಾಷ್ಟ್ರು. ಅವರಿಗೆ ಆಗ ಎಪ್ಪತ್ತು ದಾಟಿತ್ತು. ಮೂವತ್ತೈದು ವರ್ಷ ಮಕ್ಕಳಿಗೆ ಪಾಠ ಹೇಳಿದವರು ಕೋರ್ಟಿನ ಜಗಲಿಯಲ್ಲಿ ಹೆಸರು ಕರೆಯುವುದನ್ನು ಕಾಯುತ್ತಾ ಕುಳಿತದ್ದು ನನ್ನಿಂದ. ನನ್ನ ಕೈಯಲ್ಲಿ ನೂರು ರೂಪಾಯಿಯ ಛಾಪಾ ಕಾಗದದ ಕರಾರು ಇತ್ತು. ಅದನ್ನು ತೋರಿಸಿದೆ.

ವಕೀಲರು ಅದೇ ವರ್ಷ ಫೆಬ್ರವರಿಯಲ್ಲಿ ಬಂದ ಸುಪ್ರೀಂ ಕೋರ್ಟಿನ ತೀರ್ಪೊಂದನ್ನು ವಿವರಿಸಿದರು, ನವೀನ್ ಕುಮಾರ್ ಮತ್ತು ವಿಜಯ್ ಕುಮಾರ್ ನಡುವಿನದ್ದು. ಆ ಕಾರು ಕೈಯಿಂದ ಕೈಗೆ ಮಾರಾಟವಾಗಿ ಹೋಗಿತ್ತು, ಆರ್.ಸಿ. ಮಾತ್ರ ಮೊದಲಿನವರ ಹೆಸರಿನಲ್ಲೇ ಇತ್ತು. ಅಪಘಾತದ ಪರಿಹಾರಕ್ಕೆ ಹೊಣೆ ಯಾರು ಎಂದರೆ ನೋಂದಣಿಯಲ್ಲಿ ಹೆಸರಿರುವವನೇ ಎಂದು ಕೋರ್ಟು ಹೇಳಿತು. ಪೆಟ್ಟು ತಿಂದವನು ಗಾಡಿ ಎಷ್ಟು ಕೈ ದಾಟಿದೆ ಎಂದು ಹುಡುಕುತ್ತಾ ಅಲೆಯಬೇಕಾಗಿಲ್ಲ. ನ್ಯಾಯವೇ ಅದು. ಆದರೆ ನಮ್ಮ ಉದಾಸೀನದ ಹೊರೆ ಮಾರಿದವರ ತಲೆ ಮೇಲೆ ಬೀಳುತ್ತದೆ.

ಪುಣ್ಯಕ್ಕೆ ಪಾಲಿಸಿ ಚಾಲ್ತಿಯಲ್ಲಿತ್ತು, ನನ್ನ ಲೈಸೆನ್ಸೂ ಸರಿ ಇತ್ತು. ಮೋಟಾರು ವಾಹನ ಕಾಯಿದೆಯ 157ನೇ ಕಲಮಿನಂತೆ ಗಾಡಿ ಕೈ ಬದಲಾದರೂ ಮೂರನೆಯವರಿಗಾದ ಹಾನಿಯ ವಿಮೆ ಹೊಸ ಮಾಲೀಕನಿಗೆ ತಾನಾಗಿ ದಾಟುತ್ತದೆ. ಹುಡುಗನಿಗೆ ಕಂಪೆನಿಯೇ ಪರಿಹಾರ ಕೊಟ್ಟಿತು. ಆದರೆ ನಮ್ಮ ಸ್ವಂತ ಗಾಡಿಗಾದ ಹಾನಿಗೆ ಆ ಸೌಕರ್ಯ ಇಲ್ಲ. 1995ರಲ್ಲೇ ಸುಪ್ರೀಂ ಕೋರ್ಟು ಇದನ್ನು ಸ್ಪಷ್ಟಪಡಿಸಿದೆ. ಓಮ್ನಿಯ ಮುಂಭಾಗ ಸರಿ ಮಾಡಿಸಿದ 38,000 ರೂಪಾಯಿ ಕೇಳಲು ಹೋದರೆ ‘ನಿಮ್ಮ ಜೊತೆ ನಮಗೆ ಕರಾರೇ ಇಲ್ಲ’ ಎಂದರು. ಪಾಲಿಸಿ ಮಾಷ್ಟ್ರ ಹೆಸರಿನಲ್ಲಿ, ಗಾಡಿ ನನ್ನದು. ಮಾಷ್ಟ್ರಿಗೆ ನಷ್ಟ ಆಗಿಲ್ಲ, ನನಗೆ ಪಾಲಿಸಿ ಇಲ್ಲ. ‘ಫುಲ್ ಇನ್ಶೂರೆನ್ಸ್ ಉಂಟು’ ಎಂದು ಹೇಳಿ ಮಾರುವ ಗಾಡಿಯಲ್ಲಿ ನಮ್ಮ ಪಾಲಿಗೆ ಇರುವುದು ಅರ್ಧ ಮಾತ್ರ, ಹೆಸರು ಬದಲಿಸುವ ತನಕ.

ಹದಿನಾಲ್ಕು ದಿನ, ಮೂವತ್ತು ದಿನ

ಈ ಎರಡು ಅಂಕೆ ನೆನಪಿಡಿ. ರಾಜ್ಯದೊಳಗಿನ ಮಾರಾಟವಾದರೆ ಮಾರಿದವರು 14 ದಿನದೊಳಗೆ ಆರ್.ಟಿ.ಓ.ಗೆ ತಿಳಿಸಬೇಕು, ಕೊಂಡವರು 30 ದಿನದೊಳಗೆ. ಇದು 50ನೇ ಕಲಮು. ಇನ್ಶೂರೆನ್ಸ್ ಕಂಪೆನಿಗೆ ಕೊಂಡವರು 14 ದಿನದೊಳಗೆ ಅರ್ಜಿ ಕೊಡಬೇಕು. ಅಂದರೆ ಮೊದಲು ಓಡಬೇಕಾದದ್ದು ಇನ್ಶೂರೆನ್ಸಿನವರಲ್ಲಿಗೆ. ಮಾರಿದವರಿಗೆ ಸಿಗುತ್ತಿದ್ದ ನೋ ಕ್ಲೇಮ್ ಬೋನಸ್ ನಮಗೆ ಬರುವುದಿಲ್ಲ, ಅದು ಅವರದೇ. ಆ ವ್ಯತ್ಯಾಸದ ಹಣ ನಾವು ಕಟ್ಟಬೇಕಾಗುತ್ತದೆ. ಬೆಲೆ ಮಾತಾಡುವಾಗಲೇ ಇದನ್ನು ಲೆಕ್ಕಕ್ಕೆ ಹಿಡಿಯಿರಿ.

ಕರಾರಿನಲ್ಲಿ ಗಾಡಿ ಕೈಗೆ ಬಂದ ತಾರೀಕು ಮಾತ್ರವಲ್ಲ, ಗಂಟೆಯನ್ನೂ ಬರೆಯಿರಿ. ಆರ್.ಸಿ.ಯಲ್ಲಿರುವ ಚಾಸಿಸ್ ನಂಬ್ರ, ಎಂಜಿನ್ ನಂಬ್ರ ಗಾಡಿಯ ಮೇಲೆ ಕೊರೆದದ್ದಕ್ಕೆ ಸರಿಹೊಂದುತ್ತದೋ ಕಣ್ಣಾರೆ ನೋಡಿ. ಕದ್ದ ಗಾಡಿಯನ್ನು ಎಷ್ಟು ಕೊಟ್ಟು ಕೊಂಡರೂ ಅದು ನಮ್ಮದಾಗುವುದಿಲ್ಲ. ಪರಿವಾಹನ ಜಾಲತಾಣದಲ್ಲಿ, ಎಂ-ಪರಿವಾಹನ್ ಆ್ಯಪ್‌ನಲ್ಲಿ ಗಾಡಿ ನಂಬ್ರ ಹಾಕಿದರೆ ನೋಂದಣಿ, ಇನ್ಶೂರೆನ್ಸಿನ ಅವಧಿ ಕಾಣುತ್ತದೆ. ಬಾಕಿ ದಂಡ ಇದ್ದರೆ ಅದನ್ನೂ ನೋಡಿ ಮೊದಲು ಕಟ್ಟಿಸಿ. ಮಕ್ಕಳ ಹತ್ತಿರ ಹೇಳಿದರೆ ಐದು ನಿಮಿಷದ ಕೆಲಸ.

ಸೊಸೈಟಿಯ ಸಾಲದಲ್ಲಿ ಕೊಂಡ ಗಾಡಿಗಳ ಬಗ್ಗೆ ಒಂದು ಮಾತು. ಸಾಲ ತೀರಿದ್ದರೂ ಆರ್.ಸಿ.ಯಿಂದ ಸೊಸೈಟಿಯ ಹೆಸರು ತೆಗೆಸದೆ ಬಿಟ್ಟವರು ಬಹಳ. 35ನೇ ನಮೂನೆ ಮತ್ತು ಸಾಲ ತೀರಿದ ಪತ್ರ ಕೈಗೆ ಬರದೆ ಪೂರ್ತಿ ಹಣ ಕೊಡಬೇಡಿ. ಮಾಲೀಕ ತೀರಿಹೋಗಿದ್ದರೆ ಮೊದಲು ವಾರಸುದಾರರ ಹೆಸರಿಗೆ 31ನೇ ನಮೂನೆಯಲ್ಲಿ ಆಗಬೇಕು, ಸತ್ತವರ ಹಳೆ ಸಹಿಯ ಕಾಗದದಲ್ಲಿ ವ್ಯಾಪಾರ ಮಾಡಬಾರದು. ಗಡಿಯಾಚೆ ಕಾಸರಗೋಡಿನ ಗಾಡಿ ಅಗ್ಗಕ್ಕೆ ಸಿಕ್ಕಿತು ಎಂದು ಹಿಗ್ಗುವ ಮೊದಲು ಅಲ್ಲಿಯ ನಿರಾಕ್ಷೇಪಣಾ ಪತ್ರ, ಅಂದರೆ 28ನೇ ನಮೂನೆ, ಮತ್ತು ಇಲ್ಲಿ ಕಟ್ಟಬೇಕಾದ ತೆರಿಗೆ ಎಷ್ಟೆಂದು ಆರ್.ಟಿ.ಓ. ಆಫೀಸಿನಲ್ಲಿ ಕೇಳಿ. ಎರಡನ್ನೂ ಕೂಡಿಸಿದಾಗ ಅಗ್ಗ ಕೆಲವೊಮ್ಮೆ ಉಳಿಯುವುದಿಲ್ಲ. ಹಳದಿ ಬೋರ್ಡಿನ ಪಿಕಪ್ ಕೊಳ್ಳುವವರು ಎಫ್.ಸಿ. ನೋಡಬೇಕು. ಎಂಟು ವರ್ಷ ದಾಟಿದ ಮೇಲೆ ಅದು ಪ್ರತಿ ವರ್ಷದ ಖರ್ಚು.

ಕಾರಿನ ನೋಂದಣಿ 15 ವರ್ಷಕ್ಕೆ. ಆಮೇಲೆ ತಪಾಸಣೆಯಲ್ಲಿ ಪಾಸಾದರೆ ಐದೈದು ವರ್ಷಕ್ಕೆ ನವೀಕರಣ. 600 ರೂಪಾಯಿ ಇದ್ದ ಅದರ ಶುಲ್ಕ 2022ರ ಏಪ್ರಿಲಿನಿಂದ 5,000 ಆಯಿತು, 20 ವರ್ಷ ದಾಟಿದವಕ್ಕೆ 2025ರಲ್ಲಿ ಇನ್ನೂ ಏರಿಸಿದರು. ಹದಿನಾಲ್ಕು ವರ್ಷದ ಗಾಡಿ ಯಾಕೆ ಅಗ್ಗ ಎಂದು ಇದರಿಂದ ತಿಳಿಯುತ್ತದೆ. ವ್ಯಾಪಾರಿಯಿಂದ ಕೊಳ್ಳುವುದಾದರೆ, 2023ರ ಏಪ್ರಿಲಿನಿಂದ ಹಳೆ ವಾಹನ ಮಾರುವವರಿಗೆ ಆರ್.ಟಿ.ಓ.ದ ಅಧಿಕಾರಪತ್ರ ಬೇಕೆಂಬ ನಿಯಮ ಬಂದಿದೆ. ಅದನ್ನು ತೋರಿಸಿ ಎಂದು ಕೇಳಲು ಸಂಕೋಚ ಬೇಡ.

ಓಮ್ನಿಯನ್ನು 2023ರಲ್ಲಿ ಕೊಟ್ಟೆ. ಕೊಂಡ ಯುವಕನ ಹತ್ತಿರ, ‘ಮ್ಯಾಟ್ ಎತ್ತಿ ನೋಡು, ವೆಲ್ಡ್ ಮಾಡಿಸಿದ ಜಾಗ ಇದು’ ಎಂದು ನಾನೇ ತೋರಿಸಿದೆ. ಐದು ಸಾವಿರ ಕಡಿಮೆ ಮಾಡಿದ, ಮಾಡಲಿ. ಹಣದಲ್ಲಿ ಹತ್ತು ಸಾವಿರ ಆರ್.ಸಿ. ಬದಲಾದ ಮೇಲೆ ಹೊಂದಾಣಿಕೆ ಎಂದು ಇಬ್ಬರೂ ಒಪ್ಪಿ ಬರೆದೆವು: ಗಾಡಿ ತಗೊಳ್ಳುವಾಗ ಅವನು ಹತ್ತು ಸಾವಿರ ಹೆಚ್ಚಿಗೆ ಕೊಡುವುದು, ಹೊಸ ಆರ್.ಸಿ. ತೋರಿಸಿದ ದಿನ ನಾನು ವಾಪಸು ಕೊಡುವುದು. ಹದಿನೆಂಟನೇ ದಿನ ಬಂದು ತೋರಿಸಿ ಹಣ ತಗೊಂಡು ಹೋದ.

ಅದೇ ವರ್ಷ ನಾನು ಒಂದು ಹಳೆ ಈಕೋ ಕೊಂಡೆ, ಪ್ರಶ್ನೆಯ ಕಾಗದ ಕಿಸೆಯಲ್ಲಿಟ್ಟುಕೊಂಡೇ ಹೋಗಿದ್ದೆ. ‘ಎಂಜಿನು ಬಿಚ್ಚಿದ್ದಾರೋ?’ ಎಂಬಲ್ಲಿಗೆ ಬಂದಾಗ ಮಾರುವವರು ಸ್ವಲ್ಪ ಹೊತ್ತು ಪೆನ್ನು ಹಿಡಿದು ಕುಳಿತರು. ಆಮೇಲೆ, ‘ಒಮ್ಮೆ ಘಾಟಿಯಲ್ಲಿ ಬಿಸಿಯಾಗಿ ಹೆಡ್ ಗ್ಯಾಸ್ಕೆಟ್ ಬದಲಿಸಿದ್ದೇವೆ’ ಎಂದು ಬರೆದರು. ಗ್ಯಾರೇಜಿನ ಬಿಲ್ಲನ್ನೂ ಹುಡುಕಿ ತಂದುಕೊಟ್ಟರು. ಇನ್ಶೂರೆನ್ಸಿಗೆ ನಾಲ್ಕನೇ ದಿನ, ಆರ್.ಟಿ.ಓ.ಗೆ ಒಂಬತ್ತನೇ ದಿನ ಅರ್ಜಿ ಹಾಕಿದೆ. ಹೊಸ ಆರ್.ಸಿ.ಯ ಜೆರಾಕ್ಸ್ ಪ್ರತಿಯೊಂದನ್ನು ಅವರ ಮನೆಗೇ ಹೋಗಿ ಕೊಟ್ಟು ಬಂದೆ.